ಎಲ್ಲರ ಬಾಯಿ ಬಿಡಿಸಿದ ನಮ್ಮ ಮಾವ

ನಮ್ಮ ಮಾವನ ಮುಂದೆ ಯಾರೂ ಆಕಳಿಸಬಾರದಿತ್ತು. ಆಕಳಿಸಿದಿರೋ, ಕೆಟ್ಟಿರಿ! "ರಾತ್ರಿ ಏನು ಕನಸು ಬಿತ್ತು?" ಎಂದು ಹಿಡಿದು ಕೂರಿಸುತ್ತಿದ್ದ. ಕೂರಿಸುವುದೇನು ಬಂತು, ಮಲಗಿಸಿಯೇ ಬಿಡುತ್ತಿದ್ದ!

ಅವ್ವನ ತಮ್ಮ ಅವನು. ಹೈದರಾಬಾದಿನಲ್ಲಿ ಮನಃಶಾಸ್ತ್ರದ ಎಂ.ಎ. ಮುಗಿಸಿ, ಎಪ್ಪತ್ತರ ದಶಕದ ಕೊನೆಗೆ ರಾಯಚೂರಿನ ಒಂದು ಕಾಲೇಜಿಗೆ ಮಾಸ್ತರನಾದ. ಮಾನ್ವಿ ತಾಲೂಕಿನ ನಮ್ಮ ಕೇರಿಯಲ್ಲಿ ಅಷ್ಟು ಓದಿದವನು ಅವನೊಬ್ಬನೇ. ಮನಃಶಾಸ್ತ್ರವೆಂದರೆ ದೆವ್ವ ಬಿಡಿಸುವ ಸರ್ಕಾರಿ ಪರೀಕ್ಷೆ ಎಂದೇ ಕೇರಿಯವರೆಲ್ಲ ನಂಬಿದ್ದರು. ಕಾಲೇಜು ಓದಲು ನಾನೂ ಅವನ ಬಾಡಿಗೆ ಮನೆ ಸೇರಿದೆ. ನಮ್ಮಿಬ್ಬರಿಗೆ ಅಡುಗೆ ಮಾಡಿಹಾಕಲು ಅವ್ವ ಬಂದಳು.

ಅಂಗಳದ ಬೇವಿನ ಮರದ ಕೆಳಗೆ ಒಂದು ಹೊರಸು. ಬಂದವರನ್ನೆಲ್ಲ ಅದರ ಮೇಲೆ ಮಲಗಿಸಿ, ತಲೆಯ ಹಿಂದೆ ಕುರ್ಚಿ ಹಾಕಿಕೊಂಡು, "ಮನಸಿಗೆ ಬಂದದ್ದೆಲ್ಲಾ ಹೇಳ್ರಿ, ಏನೂ ಮುಚ್ಚಿಡಬ್ಯಾಡ್ರಿ" ಎನ್ನುತ್ತಿದ್ದ. ಪರದೇಶದ ಯಾರೋ ಗಡ್ಡದ ಡಾಕ್ಟರು ಹೀಗೇ ರೋಗ ವಾಸಿ ಮಾಡುತ್ತಿದ್ದರಂತೆ. ಆದರೆ ಆ ಡಾಕ್ಟರ ಊರಿನಲ್ಲಿ ರಾಯಚೂರಿನ ಬಿಸಿಲಿತ್ತೇ? ಇಲ್ಲಿ ಬೇವಿನ ನೆರಳಿಗೆ ಮೈ ಚಾಚಿದವರು ಮನಸ್ಸು ಬಿಚ್ಚುವ ಮೊದಲೇ ಗೊರಕೆ ಹೊಡೆಯುತ್ತಿದ್ದರು. ಮಾವ ಆ ಗೊರಕೆಯನ್ನೂ ಗಮನವಿಟ್ಟು ಕೇಳುತ್ತಿದ್ದ!

ಒಮ್ಮೆ ಊರಿಂದ ಬಂದ ಅಪ್ಪ, ಎಮ್ಮೆ ಮಾಳಿಗೆ ಹತ್ತಿದ ಕನಸು ಹೇಳಿ ಸಿಕ್ಕಿಹಾಕಿಕೊಂಡ.

"ಎಮ್ಮಿ ಅಂದ್ರ ನಿಮ್ಮವ್ವ. ಮಾಳಗಿ ಅಂದ್ರ ನಿಮ್ಮ ತಲಿ," ಎಂದ ಮಾವ.

"ಲೇ, ನಮ್ಮವ್ವಗ ಎಮ್ಮಿ ಅಂತಿ?" ಎನ್ನುತ್ತ ಅಪ್ಪ ಎದ್ದು ಚಪ್ಪಲಿ ಹುಡುಕತೊಡಗಿದ. ಕಾಲಿಗೋ ಕೈಗೋ ತಿಳಿಯಲಿಲ್ಲ. ಅವ್ವ ಆಗಲೇ ಚಪ್ಪಲಿ ಅಡಗಿಸಿದ್ದಳು.

ಇನ್ನೊಮ್ಮೆ ನಾವಿಬ್ಬರೂ ಮಾನ್ವಿಗೆ ಹೊರಟಿದ್ದೆವು. ಬಸ್ಸಿನ ಕಂಡಕ್ಟರ್ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದ. ಮಾವ ಟಿಕೆಟ್ ತೆಗೆದುಕೊಳ್ಳುತ್ತ ಮೆಲ್ಲಗೆ, "ಸಣ್ಣಾವ್ರಿದ್ದಾಗ ನಿಮ್ಮಪ್ಪ ನಿಮಗ ಹಿಂಗೇ ಒದರ್ತಿದ್ನೇನ್ರಿ?" ಎಂದ. ಏಟು ಬಿತ್ತೆಂದು ನಾನು ಕಣ್ಣು ಮುಚ್ಚಿದೆ. ಬೀಳಲಿಲ್ಲ! ಕಂಡಕ್ಟರ್ ನನ್ನನ್ನು ಎಬ್ಬಿಸಿ, ನನ್ನ ಸೀಟಿನಲ್ಲಿ ಕುಳಿತು ಅಪ್ಪನ ಕಥೆ ತೆಗೆದ. ಬಸ್ಸು ಮಾನ್ವಿ ದಾಟಿ ಸಿಂಧನೂರಿನ ದಾರಿ ಹಿಡಿದರೂ ಆ ಅಪ್ಪ ಮುಗಿಯಲೊಲ್ಲ. ಇಳಿಯಬೇಕಾದವರೆಲ್ಲ ಬಾಯಿ ಬಡಿದುಕೊಂಡರೂ ಇಬ್ಬರಿಗೂ ಕೇಳಿಸಲಿಲ್ಲ.

ಹೀಗೆ ಎಲ್ಲರ ಬಾಯಿ ಬಿಡಿಸುವ ಮಾವ, ತಾನು ಮಾತ್ರ ಯಾವುದರ ಬಗ್ಗೆಯೂ ತುಟಿ ಬಿಚ್ಚುತ್ತಿರಲಿಲ್ಲ. ಓಣಿಯ ಜಗಳವಿರಲಿ, ದೇಶದ ಚುನಾವಣೆಯಿರಲಿ, "ನಮ್ಮ ಕೆಲಸ ಕೇಳೋದು, ಮಾತಾಡೋದಲ್ಲ" ಎನ್ನುತ್ತಿದ್ದ. ಶಾಸ್ತ್ರದ ನಿಯಮವಂತೆ!

ಅಂಥದ್ದರಲ್ಲಿ, ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದ ಹುಡುಗಿಯೊಬ್ಬಳನ್ನು ಆಕೆಯ ತಾಯಿ ಕರೆತಂದಳು. ನಮ್ಮಂಥದೇ ಕೇರಿಯವರು. ಶಾಲೆಯ ಹೊಸ್ತಿಲು ದಾಟಿದರೆ ಹುಡುಗಿಗೆ ದನಿಯೇ ಹೊರಡುತ್ತಿರಲಿಲ್ಲ. ಡಾಕ್ಟರುಗಳು ಗಂಟಲಿಗೆ ಬ್ಯಾಟರಿ ಬಿಟ್ಟು ನೋಡಿ, ಏನೂ ಇಲ್ಲವೆಂದಿದ್ದರು.

ಕೆಲವು ಭಾನುವಾರ ಬಂದು ಹೋದಳು. ಮೊದಮೊದಲು ಬರೀ ಅಳು. ಆಮೇಲೊಂದು ದಿನ ಹೇಳಿಯೇ ಬಿಟ್ಟಳು. ಶಾಲೆಯಲ್ಲಿ ಮಾಸ್ತರರಿಗೆಲ್ಲ ಚಹಾ ಬರುತ್ತದೆ. ಆಕೆಯ ಗ್ಲಾಸು ಮಾತ್ರ ಹೊರಗೋಡೆಯ ಗೂಡಿನಲ್ಲಿರುತ್ತದೆ. ಕುಡಿದು, ತಾನೇ ತೊಳೆದು, ಅಲ್ಲೇ ಇಡಬೇಕು. ಅವಳ ಪಾಠ ಕೇಳುವ ಮಕ್ಕಳೂ ಅದನ್ನು ನೋಡುತ್ತಾರೆ.

"ನಿಮ್ಮ ಗಂಟಲಿಗೆ ಏನೂ ರೋಗಿಲ್ಲಮ್ಮಾ," ಎಂದ ಮಾವ.

ಆಕೆ ಎದ್ದು ಕುಳಿತು ಅವನ ಕಡೆ ತಿರುಗಿದಳು. "ಹಂಗಾದ್ರ ರೋಗ ಯಾರಿಗದ ಸರ್? ನನ್ನ ಮಲಗಿಸಿ ಕೇಳಿದ್ರಿ. ಅವರನ್ನ ಯಾರು ಕೇಳೋರು?"

ಮಾವ ಎದ್ದು ತಾಯಿ-ಮಗಳನ್ನು ಓಣಿಯ ತುದಿಯವರೆಗೆ ಕಳಿಸಿ ಬಂದ. ಅವರು ಹೋದ ಮೇಲೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೇಳಿದಳು: "ಹುಡಿಗಿ ಬರೋಬ್ಬರಿ ಕೇಳ್ಯಾಳ. ಊರ ಮಂದಿ ಬಾಯಿ ಬಿಡಸ್ತಿ. ಮನಿ ಮಾಲಕ, ನೀವು ಯಾರ ಪೈಕಿ ಅಂತ ಕೇಳಿದಾಗ ನೀ ಏನಂದಿ?"

ಜಾತಿ ಕೇಳಿದವರಿಗೆ ಅವನು "ಮಾನ್ವಿ ಪೈಕಿ" ಎಂದಿದ್ದ! ಅವತ್ತು ಒಳಗೆ ಬಂದು ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದೆವು. ಈಗ ಯಾರಿಗೂ ನಗು ಬರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ದೇವದುರ್ಗದಲ್ಲಿ ತಾಲೂಕಿನ ಶಿಕ್ಷಕರ ಸಭೆ. 'ಮಕ್ಕಳ ಮನಸ್ಸು' ಕುರಿತು ಮಾವನ ಭಾಷಣ. ನಾನೂ ಜೊತೆಗೆ ಹೋಗಿದ್ದೆ. ಮಾವ ಮೈಕು ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತ. ಮೈಕು ಕೆಟ್ಟಿದೆಯೆಂದು ಒಬ್ಬಾತ ಬಂದು ಅದನ್ನು ಬಡಿದು ಹೋದ.

"ಮನಸಿಗೆ ಬಂದದ್ದು ಹೇಳ್ತೀನ್ರಿ," ಎಂದ ಮಾವ ಕೊನೆಗೆ. "ನಾ ಹೊಲಗೇರಿಯಾಂವ. ಸಾಲ್ಯಾಗ ನೀರಡಿಕಿ ಆದ್ರ ಕೊಡ ಮುಟ್ಟಂಗಿರಲಿಲ್ಲ. ಯಾರರ ಮ್ಯಾಲಿಂದ ಸುರೀಬೇಕು, ನಾ ಬೊಗಸಿ ಹಿಡೀಬೇಕು. ಸುರಿಯೋರು ಆಟಕ್ಕ ಹೋದ್ರ, ನಾ ಕೊಡ ನೋಡಿಕೋತ ಕುಂದರ್ತಿದ್ದೆ. ಇವತ್ತೂ ಯಾರರ ನೀರು ಕೊಟ್ರ ನನ್ನ ಕೈ ತಾವೇ ಬೊಗಸಿ ಆಗ್ತಾವ."

"ಸರ್, ಮಕ್ಕಳ ಮನಸಿನ ಬಗ್ಗೆ ಮಾತಾಡ್ರಿ," ಎಂದರು ಮುಂದಿನ ಸಾಲಿನ ಒಬ್ಬರು.

"ಅದನ್ನೇ ಮಾತಾಡಾಕತ್ತೀನ್ರಿ."

ಆ ಹುಡುಗಿಯ ಗುಟ್ಟನ್ನು ಅವನು ಒಂದಕ್ಷರವೂ ಆಡಲಿಲ್ಲ. ಆಡಬೇಕಾಗಿಯೂ ಬರಲಿಲ್ಲ. ಹಿಂದಿನ ಸಾಲಿನಿಂದ ಅವಳೇ ಎದ್ದು ನಿಂತಳು. "ನನಗ ಈಗ್ಲೂ ಬ್ಯಾರೆ ಗ್ಲಾಸ್ ಇಟ್ಟಾರ್ರಿ!" ಮೈಕಿಲ್ಲದೆಯೇ ಇಡೀ ಸಭೆಗೆ ಕೇಳಿಸಿತು. ವೇದಿಕೆಯ ಮೇಲಿದ್ದ ಅಧಿಕಾರಿಗಳು ಆಕೆಯ ಶಾಲೆಯ ಹೆಡ್‌ಮಾಸ್ತರರನ್ನು ಅಲ್ಲಿಯೇ ಎಬ್ಬಿಸಿ ನಿಲ್ಲಿಸಿ ಜವಾಬು ಕೇಳಿದರು.

ಮುಂದಿನ ವಾರದಿಂದ ಗೂಡು ಖಾಲಿಯಾಯಿತು. ಹೆಡ್‌ಮಾಸ್ತರರ ಮುಖ ಗಂಟಿಕ್ಕಿಕೊಂಡೇ ಇತ್ತಂತೆ, ಆದರೆ ಅವಳಿಗೂ ಚಹಾ ಎಲ್ಲರ ಗ್ಲಾಸಿನಲ್ಲೇ ಬಂತು. ಹುಡುಗಿಯ ದನಿಯೂ ಬಂತು. ಪಕ್ಕದ ತರಗತಿಯ ಮಾಸ್ತರು, "ಸ್ವಲ್ಪ ಸಣ್ಣ ದನ್ಯಾಗ ಕಲಿಸ್ರಿ" ಎನ್ನುವಷ್ಟು!

ಭಾಷಣದ ಸುದ್ದಿ ರಾಯಚೂರು ಮುಟ್ಟಿತು, ಮಾಲಕರು ಮನೆ ಬಿಡಿ ಎಂದರು. ಮಾವ ಹಿಂದಿನ ಓಣಿಯ ನಿವೃತ್ತ ರೈಲ್ವೆ ನೌಕರರೊಬ್ಬರ ಬಾಗಿಲಿಗೆ ಹೋಗಿ, ಮನೆ ಕೇಳುವ ಮೊದಲೇ ತನ್ನ ಜಾತಿ ಹೇಳಿದ. ಅವರು ಕಕ್ಕಾಬಿಕ್ಕಿಯಾಗಿ, "ನೀರು ಒಂದು ದಿನ ಬಿಟ್ಟು ಒಂದು ದಿನ ಬರ್ತದ. ನಡೀತದೇನ್ರಿ?" ಎಂದರು.

ಸಾಮಾನು ಬಂಡಿಗೇರಿಸುವಾಗ ಹಳೆಯ ಮಾಲಕರ ಮುದಿ ತಾಯಿ ಗೋಡೆ ಹಿಡಿದು ಹೊರಗೆ ಬಂದರು. ಮಗ ಒಳಗಿನಿಂದ ಕೂಗುತ್ತಲೇ ಇದ್ದ. ಅವರು ನೇರ ಬಂದು ಮಾವನ ಕೈ ಹಿಡಿದರು.

"ಯಪ್ಪಾ, ಹೊಸಾ ಮನ್ಯಾಗ ಚಾ ಮಾಡ್ತೀರೇನು?"

"ಮಾಡ್ತೀವಿ ಯವ್ವಾ."

"ಹಂಗಾದ್ರ ಐತವಾರ ಬರ್ತೀನಿ. ಸಕ್ರಿ ಜರಾ ಮುಂದಿರಲಿ."

ಮಾವನ ಕಣ್ಣು ತುಂಬಿ ಬಂತು. ಯಾಕೆಂದು ವಿಚಾರಿಸುವ ಗೋಜಿಗೆ, ತನ್ನ ಜೀವನದಲ್ಲಿ ಮೊದಲ ಸಲ, ಅವನು ಹೋಗಲಿಲ್ಲ.