ವೈರ್‌ಲೆಸ್ಸಿನಲ್ಲಿ ಅತ್ತೆ

ಸಾವೊ ಕಾಡಿನ ಸಫಾರಿ ಚಾಲಕರು ಸಿಂಹಕ್ಕೆ ‘ಅತ್ತೆ’ ಎಂದು ಹೆಸರಿಟ್ಟ ದಿನವೇ ಕಿಲೊಂಜೊನ ಗ್ರಹಚಾರ ಕೆಟ್ಟಿತು.

ಚಾಲಕರಿಗೆ ಇಂಥ ಗುಟ್ಟಿನ ಹೆಸರು ಬೇಕೇ ಬೇಕು. ವೈರ್‌ಲೆಸ್ಸಿನಲ್ಲಿ ‘ಸಿಂಹ’ ಎಂದು ಕೇಳಿಸಿದರೆ ಸಾಕು, ಹಿಂದೆ ಕೂತ ಪ್ರವಾಸಿಗರು ಕುಣಿಯತೊಡಗುತ್ತಾರೆ. ಹೋಗುವಷ್ಟರಲ್ಲಿ ಅದು ಎದ್ದು ಹೋಗಿದ್ದರೆ ಚಾಲಕನೇ ಓಡಿಸಿದ ಎಂಬಂತೆ ಮುಖ ಊದಿಸಿಕೊಳ್ಳುತ್ತಾರೆ. ಮೊದಲು ‘ಮೀಸೆ’ ಎನ್ನುತ್ತಿದ್ದರು. ನೈರೋಬಿಯಿಂದ ಬರುವವರು ಅದನ್ನು ಬೇಗನೆ ಕಂಡುಹಿಡಿದುಬಿಟ್ಟರು. ಆಗ ವಫುಲಾ ಎಂಬ ತಮಾಷೆಯ ಚಾಲಕ, ಇನ್ನು ಮೇಲೆ ‘ಅತ್ತೆ’ ಎನ್ನೋಣ, ಎಷ್ಟು ಹೆದರಬೇಕು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಿಲೊಂಜೊ ಮಾತ್ರ ನಗಲಿಲ್ಲ. ಅವನು ಕಾಂಬಾ ಜನದವನು. ಅವರಲ್ಲಿ ಅಳಿಯನಾದವನು ಅತ್ತೆಯ ಎದುರು ನಿಲ್ಲುವಂತಿಲ್ಲ, ಮುಖ ನೋಡುವಂತಿಲ್ಲ. ದಾರಿಯಲ್ಲಿ ಅತ್ತೆ ಎದುರಾದರೆ ಪಕ್ಕದ ಪೊದೆಗೆ ನುಗ್ಗಬೇಕು. ಅಂಥ ಪೂಜ್ಯ ಪದವನ್ನು ಹಸಿಮಾಂಸ ತಿನ್ನುವ ಪ್ರಾಣಿಗೆ ಹಚ್ಚುವುದೇ ಎಂದು ಅವನು ಗೊಣಗಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಈ ಸಲ ಅವನ ಜೀಪಿಗೆ ಸಿಕ್ಕಿದವರು ನೈರೋಬಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ ವಾಂಗೆಚಿ ಟೀಚರ್ ಮತ್ತು ಅವರ ಗಂಡ. ಹೆಂಡತಿ ಮಾತಾಡುವಷ್ಟು ಹೊತ್ತು ಕಡಲೆಕಾಯಿ ಬಿಡಿಸುತ್ತ ಕೂರುವುದು ಗಂಡನ ಕೆಲಸ. ಆದ್ದರಿಂದ ಅವರಿಗೆ ಬಿಡುವೇ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಹೊರಳಾಡಿ ಕೆಂಪಾದ ಆನೆಗಳನ್ನು ತೋರಿಸಿದರೆ, ಇವನ್ನು ಯಾರೂ ತೊಳೆಯುವುದಿಲ್ಲವೇ ಎಂದು ಟೀಚರ್ ಕೇಳಿದರು. ಎರಡು ದಿನ ಕಳೆದರೂ ಅವರ ಕ್ಯಾಮೆರಾ ಚೀಲದಿಂದ ಹೊರಗೆ ಬಂದಿರಲಿಲ್ಲ. ಸಿಂಹ ಸಿಕ್ಕಿದ ಮೇಲೆಯೇ ತೆಗೆಯುವುದು ಎಂಬುದು ಅವರ ಹಟ.

ಮೂರನೆಯ ದಿನ ಬೆಳಿಗ್ಗೆ ವ್ಯವಸ್ಥಾಪಕ ಮಕೋಖಾ ಕಿಲೊಂಜೊನನ್ನು ಪಕ್ಕಕ್ಕೆ ಕರೆದ. ಹೋದ ತಿಂಗಳು ಕಿಲೊಂಜೊ ಒಂದು ಗಂಡು ಸಿಂಹ ತೋರಿಸಿದ್ದ. ಸಾವೊದ ಗಂಡು ಸಿಂಹಗಳಿಗೆ ಕೇಸರ ಅಷ್ಟಕ್ಕಷ್ಟೇ. ಬೋಳು ಸಿಂಹ ತೋರಿಸಿ ಮೋಸ ಮಾಡಿದರು ಎಂದು ಆ ಪ್ರವಾಸಿಗರು ದೂರು ಕೊಟ್ಟು ಹೋಗಿದ್ದರು. ಆ ಸಿಟ್ಟು ಮಕೋಖಾನಿಗೆ ಇನ್ನೂ ಇಳಿದಿರಲಿಲ್ಲ.

“ಬೋಳಾದ್ರೂ ಸರಿ, ಜುಟ್ಟಿದ್ರೂ ಸರಿ, ಇವತ್ತು ಆ ಟೀಚರಮ್ಮಂಗೆ ಸಿಂಹ ತೋರಿಸ್ಬೇಕು. ಇಲ್ಲಾಂದ್ರೆ ಸಂಜೆ ಜೀಪಿನ ಕೀ ನನ್ನ ಕೈಗೆ ಕೊಟ್ಬಿಡು. ನಾಳೆಯಿಂದ ಜನರೇಟರ್ ಪಕ್ಕ ಕೂತ್ಕೊ.”

ಆ ಚಾಲಕನ ಸೀಟಿಗಾಗಿ ಕಿಲೊಂಜೊ ವರ್ಷಗಟ್ಟಲೆ ಪಾತ್ರೆ ತೊಳೆದಿದ್ದ, ಟೈರು ಬಿಚ್ಚಿದ್ದ, ಇಂಗ್ಲಿಷಿನಲ್ಲಿ ಹಕ್ಕಿಗಳ ಹೆಸರು ಬಾಯಿಪಾಠ ಮಾಡಿದ್ದ. ಏನೇ ಆಗಲಿ, ಇವತ್ತು ತೋರಿಸಿಯೇ ತೀರುತ್ತೇನೆ ಎಂದು ಹಲ್ಲು ಕಚ್ಚಿ ಜೀಪು ಹತ್ತಿದ.

ಹತ್ತುವಷ್ಟರಲ್ಲಿ ಊರಿನಿಂದ ಹೆಂಡತಿಯ ಫೋನು. ಅವಳ ತಾಯಿ ಸ್ಯೊಂಬುವಾ ಚರ್ಚಿನ ಹೆಂಗಸರ ಜೊತೆ ಬಸ್ಸಿನಲ್ಲಿ ಅದೇ ಕಾಡು ನೋಡಲು ಹೊರಟಿದ್ದಾರಂತೆ. ಎಲ್ಲರದೂ ಹಳದಿ ತಲೆವಸ್ತ್ರ. ಕಂಡರೆ ಮರ್ಯಾದೆಯಿಂದ ಬೇರೆ ದಾರಿ ಹಿಡಿ ಎಂದಳು. ಕಿಲೊಂಜೊ ಹ್ಞೂಂಗುಟ್ಟಿದ. ಅವನ ತಲೆಯಲ್ಲಿ ಸಿಂಹವೊಂದನ್ನು ಬಿಟ್ಟು ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಬಿಸಿಲೇರುವ ಹೊತ್ತಿಗೆ ವೈರ್‌ಲೆಸ್ಸು ಗೊರಗುಟ್ಟಿತು. ವಫುಲಾನ ದನಿ. “ಕಿಲೊಂಜೊ, ನಿನ್ನ ಅತ್ತೆ ಸೇತುವೆ ಹತ್ರ ಮರದ ನೆರಳಲ್ಲಿದ್ದಾರೆ. ಈ ಕಡೆ ಬರ್ಬೇಡ.”

ಎಲಾ ಕಳ್ಳ, ಸಿಂಹವನ್ನು ತನ್ನ ಗಿರಾಕಿಗಳಿಗೇ ಮುಚ್ಚಿಟ್ಟುಕೊಳ್ಳುವ ಹಂಚಿಕೆ ಎಂದುಕೊಂಡ ಕಿಲೊಂಜೊ ಜೀಪು ತಿರುಗಿಸಿ ಹೊಡೆದೇ ಹೊಡೆದ.

“ನಿಮ್ಮತ್ತೆ ಇಲ್ಲಿಗೆ ಬಂದಿದ್ದಾರಾ?” ಎಂದರು ವಾಂಗೆಚಿ ಟೀಚರ್. ಸ್ವಾಹಿಲಿ ಅವರಿಗೂ ಬರುತ್ತಿತ್ತಲ್ಲ.

“ಬಂದಿದ್ದಾರೆ ಮೇಡಂ. ಎದ್ದು ಹೋಗೋಷ್ಟರಲ್ಲಿ ಹಿಡೀಬೇಕು.” ಗುಟ್ಟು ಬಿಡುವ ಹಾಗಿರಲಿಲ್ಲ. ಅತ್ತೆಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದು ಟೀಚರ್ ಗಂಡನ ಕಡೆ ತಿರುಗಿ ಮೆಚ್ಚಿಕೊಂಡರು.

ಸೇತುವೆಯ ತಿರುವಿನಲ್ಲಿ ಮರದ ಕೆಳಗೆ ಕಂಡದ್ದು ಸಾಲು ಸಾಲು ಹಳದಿ ತಲೆವಸ್ತ್ರ. ಹೆಂಗಸರು ಚಪಾತಿ ಹರಿದು ಚಹಾದಲ್ಲಿ ಅದ್ದುತ್ತಿದ್ದರು. ಅವರ ನಡುವೆ ಸಾಕ್ಷಾತ್ ಸ್ಯೊಂಬುವಾ. ಕಿಲೊಂಜೊ ಬ್ರೇಕು ಒತ್ತಿದವನೇ ಸ್ಟೀರಿಂಗಿನ ಕೆಳಗೆ ಮಡಚಿಕೊಂಡ. ಹಾರ್ನು ಅವನ ಬೆನ್ನಿಗೆ ಸಿಕ್ಕಿ ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಹೆಂಗಸರೆಲ್ಲ ಎದ್ದು ನಿಂತು ಖಾಲಿ ಸೀಟನ್ನು ನೋಡಿದರು. ಅವನು ತಲೆ ಎತ್ತದೆಯೇ ಗೇರು ಹಾಕಿ, ಪೊದೆಗಳ ಮೇಲೆಯೇ ಜೀಪು ಹತ್ತಿಸಿ ಪಾರಾದ.

“ಹಿಡೀಬೇಕು ಅಂದ್ರಿ, ಹಿಡಿದ್ಮೇಲೆ ಹೆದರ್ಕೊಂಡ್ರಿ,” ಎಂದರು ಟೀಚರ್. ಅವರ ಮೆಚ್ಚುಗೆ ಇಳಿಯತೊಡಗಿತ್ತು.

ಕಿಲೊಂಜೊನಿಗೆ ನಾಚಿಕೆಯಾಯಿತು. ಪಾಪ, ಮದುವೆಗೆ ಬಂದಿದ್ದ ವಫುಲಾ ಅತ್ತೆಯ ಗುರುತು ಹಿಡಿದು ನಿಜವಾಗಿಯೂ ಎಚ್ಚರಿಸಿದ್ದ. ಇನ್ನು ಮುಂದೆ ಅವನ ಮಾತನ್ನು ನಂಬಿಯೇ ನಡೆಯಬೇಕು ಎಂದು ತೀರ್ಮಾನಿಸಿದ.

ನಡುಮಧ್ಯಾಹ್ನ ಮತ್ತೆ ವಫುಲಾ. “ಕಿಲೊಂಜೊ, ಅತ್ತೆ ಕ್ಯಾಂಪಿಗೇ ಬಂದ್ಬಿಟ್ಟಿದ್ದಾರೆ ಕಣೋ. ನೀರಿನ ಟ್ಯಾಂಕಿನ ಹತ್ರ. ನಿನಗೋಸ್ಕರಾನೇ ಕಾಯ್ತಿರೋ ಹಾಗಿದೆ. ಬೇಗ ಬಾ.”

ಸತ್ತೆ ಎಂದುಕೊಂಡ ಕಿಲೊಂಜೊ. ಹಾರ್ನು ಬಡಿದು ಓಡಿಹೋದ ಅಳಿಯನನ್ನು ವಿಚಾರಿಸಿಕೊಳ್ಳಲು ಬಂದಿರಬೇಕು. ಅವನು ಕ್ಯಾಂಪಿಗೆ ಬೆನ್ನು ಹಾಕಿ ಕಾಡಿನ ಆಚೆ ತುದಿಗೆ ಗಾಡಿ ಬಿಟ್ಟ. ಸಿಂಹ ಎಲ್ಲಿದ್ದರೂ ಹುಡುಕಿಯೇ ಸೈ ಎಂದು ಕಲ್ಲುಗುಡ್ಡಗಳ ಬುಡವನ್ನೆಲ್ಲ ಜಾಲಾಡಿದ. ಸಿಕ್ಕಿದ್ದು ಕತ್ತೆಕಿರುಬಗಳು, ಒಂದಿಷ್ಟು ಜೀಬ್ರಾ, ಬೇಕಾದಷ್ಟು ಕೆಂಪು ಧೂಳು. ಅಷ್ಟರಲ್ಲಿ ವೈರ್‌ಲೆಸ್ಸು ಸುಮ್ಮನಿರಬೇಕಲ್ಲ.

“ಅತ್ತೆ ನೀರು ಕುಡಿದ್ರು.”

“ಅತ್ತೆ ಕಾಲು ಚಾಚಿ ಮಲಗಿದ್ದಾರೆ. ಎಲ್ರೂ ಫೋಟೊ ತೆಗೀತಿದ್ದಾರೆ. ಎಲ್ಲಿ ಸತ್ತೆಯೋ?”

ವಯಸ್ಸಾದ ಹೆಂಗಸು ಬಳಲಿ ಮಲಗಿದ್ದನ್ನೂ ಫೋಟೊ ತೆಗೆಯುವ ವಫುಲಾನ ಮೇಲೆ ಕಿಲೊಂಜೊನಿಗೆ ಎಲ್ಲಿಲ್ಲದ ಕೋಪ ಬಂತು. ವೈರ್‌ಲೆಸ್ಸಿನ ಕಿವಿ ಹಿಂಡಿ ಬಾಯಿ ಮುಚ್ಚಿಸಿದ.

ವಾಂಗೆಚಿ ಟೀಚರಿಗೆ ಇನ್ನು ತಡೆಯಲಾಗಲಿಲ್ಲ. ತಾವೂ ಇಬ್ಬರು ಅಳಿಯಂದಿರಿಗೆ ಅತ್ತೆ, ಮುದುಕಿಯನ್ನು ಬಿಸಿಲಲ್ಲಿ ಕೂರಿಸಿ ಹೀಗೆ ಕಾಡೆಲ್ಲ ಅಲೆಯುವವನನ್ನು ತಾವು ಕಂಡಿಲ್ಲ ಎಂದು ಶುರು ಮಾಡಿದವರು, ಹೊತ್ತು ಇಳಿಯುವವರೆಗೂ ಪಾಠ ನಿಲ್ಲಿಸಲಿಲ್ಲ. ಗಂಡನ ಕಡಲೆಕಾಯಿ ಮುಗಿದುಹೋಯಿತು.

ಸಂಜೆ ಜೋತುಬಿದ್ದ ಮುಖ ಹೊತ್ತು ಕ್ಯಾಂಪಿನ ಬಾಗಿಲಿಗೆ ಬಂದಾಗ ಕಾವಲುಗಾರ ಎದ್ದು ಬಂದು ಕೇಳಿದ. “ಎಲ್ಲಿಗೆ ಹೋಗಿದ್ದೆ ಮಾರಾಯ? ಮಧ್ಯಾಹ್ನದಿಂದ ಸಿಂಹ ಇಲ್ಲೇ ಟ್ಯಾಂಕಿನ ಹತ್ರ ಬಿದ್ಕೊಂಡಿತ್ತು. ಅಡುಗೆಯವನು ಕೂಡ ಸೌಟು ಹಿಡ್ಕೊಂಡು ಬಂದು ನೋಡಿದ.”

ಕಿಲೊಂಜೊನಿಗೆ ತಲೆ ಗಿರ್ರೆಂದಿತು. ಹಾಗಾದರೆ ನೀರು ಕುಡಿದದ್ದು, ಕಾಲು ಚಾಚಿ ಮಲಗಿದ್ದು ಎಲ್ಲ ಸಿಂಹ. ಜೊತೆಗೇ ಆಸೆಯೂ ಚಿಗುರಿತು. ಇನ್ನೂ ಬೆಳಕಿದೆ, ಕೀಲಿ ಇನ್ನೂ ತನ್ನ ಕೈಯಲ್ಲೇ ಇದೆ. ಅವನು ಬಗ್ಗಿ, ಅಭ್ಯಾಸಬಲದಿಂದ, ಗುಟ್ಟಿನ ಮಾತಿನಲ್ಲೇ ಕೇಳಿದ. “ಅತ್ತೆ ಇನ್ನೂ ಇದ್ದಾರಾ?”

“ಇದ್ದಾರಪ್ಪ, ಅಲ್ಲೇ ಟ್ಯಾಂಕಿನ ಹಿಂದೆ.”

ಜೀಪು ಬೆಕ್ಕಿನ ಹಾಗೆ ಸದ್ದಿಲ್ಲದೆ ಟ್ಯಾಂಕನ್ನು ಬಳಸತೊಡಗಿತು. ಕಿಲೊಂಜೊ ಗೆದ್ದ ದನಿಯಲ್ಲಿ ಪಿಸುಗುಟ್ಟಿದ.

“ಮೇಡಂ, ಏಳಿ, ಕ್ಯಾಮೆರಾ ತೆಗೀರಿ. ಗಲಾಟೆ ಬೇಡ. ಗಂಡೋ ಹೆಣ್ಣೋ ಅಂತ ಕೇಳ್ಬೇಡಿ, ಇಲ್ಲಿ ಗಂಡಿಗೂ ಕೂದಲಿರಲ್ಲ. ಹೆದರ್ಬೇಡಿ, ಮುದಿಯಾಗಿದೆ. ಹೊಟ್ಟೆ ತುಂಬಿದ್ರೆ ಏನೂ ಮಾಡಲ್ಲ. ಬಾಯಿ ತೆಗೆದಾಗ ಹಲ್ಲು ನೋಡಿ.”

ಟ್ಯಾಂಕಿನ ಹಿಂದೆ, ಕಲ್ಲಿನ ಮೇಲೆ ಹಳದಿ ತಲೆವಸ್ತ್ರ ಬಿಚ್ಚಿಟ್ಟು, ಸ್ಯೊಂಬುವಾ ನಲ್ಲಿಯ ಕೆಳಗೆ ಕಾಲು ತೊಳೆದುಕೊಳ್ಳುತ್ತಿದ್ದರು. ಸ್ವಲ್ಪ ದೂರದಲ್ಲಿ ಚರ್ಚಿನ ಬಸ್ಸು ಬಾಯಿ ತೆರೆದುಕೊಂಡು ರೇಡಿಯೇಟರಿಗೆ ನೀರು ಕುಡಿಯುತ್ತಿತ್ತು. ಗುಟ್ಟಿನ ಮಾತು ಚಾಲಕರದು. ಕಾವಲುಗಾರ ಬಾಗಿಲಲ್ಲಿ ಯಾರ ಕಡೆಯವರೆಂದು ಕೇಳಿ ಒಳಗೆ ಬಿಟ್ಟ ನಿಜವಾದ ಅತ್ತೆಯ ವಿಷಯವನ್ನು ಹೇಳಿದ್ದ, ಅಷ್ಟೆ.

ಓಡಲು ಹತ್ತಿರದಲ್ಲಿ ಒಂದು ಪೊದೆಯೂ ಇರಲಿಲ್ಲ. ಕಿಲೊಂಜೊ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮದುವೆಯಾದಂದಿನಿಂದ ಅಳಿಯನ ಜೊತೆ ಒಂದು ಮಾತೂ ಆಡದಿದ್ದ ಸ್ಯೊಂಬುವಾ, ಬೋಳುತಲೆಗೆ ನಿಧಾನವಾಗಿ ವಸ್ತ್ರ ಸುತ್ತಿಕೊಂಡು, ಮೊದಲ ಸಲ ಬಾಯಿ ತೆರೆದರು.

“ಸಿಂಹ ಆಗ್ಲೇ ಎದ್ದು ಹೋಯ್ತು ಅಳಿಯಂದಿರೇ. ನಾನಿದ್ದೀನಿ, ಬೇಕಿದ್ರೆ ನೋಡ್ಕೊಳ್ಳಿ. ಹಲ್ಲು ಮಾತ್ರ ಎರಡು ಬಿದ್ದಿವೆ.”

ಮೂರು ದಿನದಲ್ಲಿ ಮೊದಲ ಬಾರಿಗೆ ವಾಂಗೆಚಿ ಟೀಚರ್ ಕ್ಯಾಮೆರಾ ಹೊರಗೆ ತೆಗೆದು ಕ್ಲಿಕ್ಕಿಸಿದರು. ಕಚೇರಿಯ ಮೆಟ್ಟಿಲಿನಿಂದ ಮಕೋಖಾ ಇಳಿದು ಬರುತ್ತಿದ್ದ, ಕೀಲಿಗೆ ಕೈ ಚಾಚಿಕೊಂಡು.