ಮಾಸ್ತರರ ವಜ್ರ ಸದಸ್ಯತ್ವ

ಆ ರವಿವಾರ ಬೆಳಿಗ್ಗೆ ಸಿಂದಗಿಯ ಗೋವಿಂದ ಮಾಸ್ತರರು ಸಂಧ್ಯಾವಂದನೆ ಮುಗಿಸಿ ಚಹಾದ ಕಪ್ಪಿಗೆ ಕೈ ಚಾಚುವಷ್ಟರಲ್ಲಿ ಮೊಬೈಲು ಎರಡು ಸಲ ಗುಂಯ್ ಎಂದಿತು. ಮೊದಲನೆಯದು ಬ್ಯಾಂಕಿನ ಸಂದೇಶ, ಖಾತೆಯಿಂದ ಹಣ ಕಡಿತವಾಗಿದೆ ಎಂದು. ಎರಡನೆಯದು ಅಭಿನಂದನೆ. ಮಗಳಿಗೆ ವರ ಹುಡುಕುವ ತಮ್ಮ ಪ್ರಯತ್ನವನ್ನು ಇನ್ನೂ ಒಂದು ವರ್ಷ ಮುಂದುವರಿಸಿದ್ದಕ್ಕೆ ಧನ್ಯವಾದಗಳು, ತಮಗೆ ಶುಭವಾಗಲಿ ಎಂದು ಅದರಲ್ಲಿತ್ತು.

ಅವರ ಒಬ್ಬಳೇ ಮಗಳು ವರದಾಳ ಮದುವೆಯಾಗಿ ಆಗಲೇ ಎಂಟು ತಿಂಗಳಾಗಿತ್ತು. ಇಂಡಿ ಊರಿನಲ್ಲಿ ಗಂಡ ಪಾರ್ಥನ ಮನೆಯಲ್ಲಿ ಅವಳು ಸುಖವಾಗಿದ್ದಳು.

ಆ ಪಾರ್ಥ ಸಿಕ್ಕದ್ದು ‘ಬಾಸಿಂಗ’ ಎಂಬ ವಧೂವರರ ಆ್ಯಪಿನಲ್ಲಿಯೇ, ಅದು ನಿಜ. ಹೋದ ವರ್ಷ ಮಾಸ್ತರರು ಅದರಲ್ಲಿ ಬೆಳ್ಳಿ ಸದಸ್ಯರಾಗಿದ್ದರು. ವರ್ಷ ಮುಗಿದ ಮೇಲೆ ಸದಸ್ಯತ್ವ ತಾನಾಗಿಯೇ ಮುಗಿಯುತ್ತದೆ ಎಂದು ಅವರು ನಂಬಿದ್ದರು. ಅದು ತಾನಾಗಿಯೇ ಮುಂದುವರಿಯುತ್ತದೆ ಎಂಬುದು ಈಗ ತಿಳಿಯಿತು. ಅಷ್ಟೇ ಅಲ್ಲ, ಯಾರೂ ಕೇಳದಿದ್ದರೂ ಅವರನ್ನು ಬೆಳ್ಳಿಯಿಂದ ವಜ್ರಕ್ಕೆ ಏರಿಸಿ, ದರವನ್ನೂ ಎರಡೂವರೆ ಪಟ್ಟು ಮಾಡಿ ಹಣ ಮುರಿದುಕೊಂಡಿದ್ದರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಹಿಂದಿ ಕಲಿಸಿದರೂ ಒಂದು ಬಡ್ತಿ ಕಾಣದೆ ನಿವೃತ್ತರಾದ ಮಾಸ್ತರರಿಗೆ, ಮನೆಯಲ್ಲಿ ಕೂತಲ್ಲಿಗೇ ಬಡ್ತಿ ಬಂದಿತ್ತು. ಸಂಬಳ ಮಾತ್ರ ಇವರೇ ಕೊಡಬೇಕಾಗಿತ್ತು.

ಹೆಂಡತಿ ಸಾವಿತ್ರೀಬಾಯಿ ಸಂದೇಶವನ್ನು ಓದಿಸಿ ಕೇಳಿದರು. “ಲಗ್ನದ ಮರುದಿನ ಪೆಂಡಾಲ ಬಿಚ್ಚಿಸಿದ್ರಿ. ಬಾಡಿಗಿ ಪಾತ್ರಿ ಎಣಿಸಿ ತಿರುಗಿ ಕೊಟ್ರಿ. ಇದೊಂದನ್ಯಾಕ ಬಿಚ್ಚಿಸಲಿಲ್ಲ?” ಎಂದರು. ಎರಡು ದಿನದ ಹಿಂದೆ ಆ್ಯಪಿನವರು ಮುನ್ಸೂಚನೆ ಕಳಿಸಿದ್ದರು. ಸಾಲ ಕೊಡುತ್ತೇವೆ ಎನ್ನುವವರ ಜಾಹೀರಾತು ಇರಬೇಕೆಂದು ಮಾಸ್ತರರು ಅದನ್ನು ಓದದೆಯೇ ಅಳಿಸಿಹಾಕಿದ್ದರು. ಆ ಮಾತನ್ನು ಹೆಂಡತಿಗೆ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ.

ಗ್ರಾಹಕರ ಸೇವೆಯ ನಂಬರು ಹಚ್ಚಿದರೆ ಹಿಂದಿಯಲ್ಲಿ ಒಬ್ಬ ಹುಡುಗ ಸಿಕ್ಕ. ಮಾಸ್ತರರಿಗೆ ಹುರುಪು ಬಂತು, ಇದು ತಮ್ಮ ಅಂಗಳ. ಆದರೆ ಆ ಹುಡುಗ ಮೊದಲ ವಾಕ್ಯದಲ್ಲೇ ಹಿಂದಿಯ ‘ಸದಸ್ಯತಾ’ ಶಬ್ದವನ್ನು ಸ್ತ್ರೀಲಿಂಗದ ಬದಲು ಪುಲ್ಲಿಂಗ ಮಾಡಿದ. ಮಾಸ್ತರರಿಗೆ ತಡೆಯಲಾಗಲಿಲ್ಲ. ತಿದ್ದಿದರು. ಹುಡುಗ ಕ್ಷಮೆ ಕೇಳಿ, ಎರಡನೇ ವಾಕ್ಯದಲ್ಲಿ ಮತ್ತೆ ಅದೇ ತಪ್ಪು ಮಾಡಿದ. ಇವರು ಮತ್ತೆ ತಿದ್ದಿದರು. ಆಮೇಲೆ ಅವನು ಒಂದು ನಿಮಿಷ ಎಂದು ಹೇಳಿ ಶಹನಾಯಿ ಹಚ್ಚಿ ಹೋದ. ಮಾಸ್ತರರು ಒಂದು ಇಡೀ ಮದುವೆಗೆ ಸಾಕಾಗುವಷ್ಟು ಶಹನಾಯಿ ಕೇಳಿದರು. ಕೊನೆಗೆ ಫೋನು ಕಡಿದುಹೋಯಿತು.

ಅಷ್ಟರಲ್ಲಿ ವಜ್ರ ಸದಸ್ಯತ್ವ ತನ್ನ ಕೆಲಸ ಸುರು ಮಾಡಿತ್ತು. ಬೆಳ್ಳಿ ಸದಸ್ಯರು ತಾವಾಗಿ ವರ ಹುಡುಕಬೇಕಿತ್ತು. ವಜ್ರ ಸದಸ್ಯರ ಮಗಳ ಫೋಟೋವನ್ನು ಆ್ಯಪೇ ಜಿಲ್ಲೆಯ ಎಲ್ಲ ವರಗಳ ಮನೆಗೂ ಮುಟ್ಟಿಸುತ್ತಿತ್ತು. ಮೊದಲ ಫೋನು ಮುದ್ದೇಬಿಹಾಳದಿಂದ ಬಂತು. ಒಳಗೆ ನೆಟ್‌ವರ್ಕ್ ಸಿಗದೆ ಮಾಸ್ತರರು ಹಿತ್ತಲ ಗೋಡೆಯ ಹತ್ತಿರ ಹೋಗಿ ನಿಂತರು. ತಮ್ಮ ಮಗಳಿಗೆ ಲಗ್ನವಾಗಿದೆ ಎಂದು ಎಷ್ಟು ಹೇಳಿದರೂ ಆ ಕಡೆಯ ಹಿರಿಯರು ನಂಬಲಿಲ್ಲ. ನಮ್ಮ ಹುಡುಗ ಮನಸ್ಸಿಗೆ ಬರದಿದ್ದರೆ ನೇರವಾಗಿ ಹೇಳಿ, ಲಗ್ನವಾಗಿದೆ ಎಂದು ಸುಳ್ಳು ಯಾಕೆ ಹೇಳುತ್ತೀರಿ ಎಂದು ಅವರು ಸಿಟ್ಟಾದರು. ಮಾಸ್ತರರು ಸಮಾಧಾನ ಮಾಡಲು ಹೋಗಿ ತುಸು ಗಟ್ಟಿಯಾಗಿಯೇ ಹೇಳಿದರು: “ಹಂಗಲ್ರಿ, ನಿಮ್ಮ ಹುಡುಗ ಛಲೋ ಇದ್ದಾನ್ರಿ. ನಮ್ಮ ವರದಾಗ ಇಂಥಾ ವರ ಸಿಗೋದು ಪುಣ್ಯ.”

ಗೋಡೆಯ ಆಚೆ ಕೂತು ಪೇಪರು ಓದುತ್ತಿದ್ದ ಶಂಕರೆಪ್ಪನವರ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ.

ಶಂಕರೆಪ್ಪನವರು ತೊಗರಿ ವ್ಯಾಪಾರಿಗಳು. ಸೀದಾ ಮನುಷ್ಯರು. ಓಣಿಯಲ್ಲಿ ಯಾರಿಗೆ ಸಂಕಟ ಬಂದರೂ ಅದು ಬರುವ ಮೊದಲೇ ಅಲ್ಲಿಗೆ ಹೋಗಿ ಕೂಡುವವರು. ಪೇಪರು ಮಡಚಿ, ಶಲ್ಯ ಹೆಗಲಿಗೆ ಹಾಕಿಕೊಂಡು ಮಾಸ್ತರರ ಪಡಸಾಲೆಗೆ ಬಂದು ಕೂತರು. ದನಿ ತಗ್ಗಿಸಿ ಕೇಳಿದರು.

“ಮಾಸ್ತರ, ಮುಚ್ಚಿ ಇಡಬ್ಯಾಡ್ರಿ. ವರದಾ ಯಾವಾಗ ಬಂದ್ಲು ಮನಿಗೆ?”

“ಅಕಿ ಎಲ್ಲೆ ಬಂದಾಳ್ರಿ? ಇಂಡಿಯೊಳಗ ಗಂಡನ ಮನ್ಯಾಗ ಇದ್ದಾಳ.”

“ಅಲ್ಲಿ ಅಕಿ ಗಂಡನ ಮನ್ಯಾಗ ಇರೂವಾಗಲೇ ಇಲ್ಲಿ ನೀವು ಬ್ಯಾರೆ ವರ ನೋಡಾಕತ್ತೀರಿ. ಇದು ಇನ್ನೂ ಕೆಟ್ಟ ಅಲ್ಲೇನ್ರಿ?”

ಮಾಸ್ತರರು ಬಾಸಿಂಗದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದರು. ಶಂಕರೆಪ್ಪನವರು ತಲೆ ಅಲ್ಲಾಡಿಸುತ್ತ ಎಲ್ಲ ಕೇಳಿದರು. ಕೊನೆಗೆ, ಬಹಳ ಒಳ್ಳೆಯ ಕಾರಣ ಹುಡುಕಿದ್ದೀರಿ ಎಂದು ಹೇಳಿ, ಯಾರಾದರೂ ಕೇಳಿದರೆ ತಾವೂ ಇದನ್ನೇ ಹೇಳುವುದಾಗಿ ಮಾತು ಕೊಟ್ಟರು. ಮಾತು ಕೊಟ್ಟಂತೆ, ಯಾರೂ ಕೇಳದಿದ್ದರೂ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಊಟದ ಹೊತ್ತಿಗೆ ಎದುರು ಮನೆಯ ಜೈತುನಬಿ ಬಂದು ಸಾವಿತ್ರೀಬಾಯಿಯ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡಳು. ಹುಡುಗಿ ಇನ್ನೂ ಸಣ್ಣವಳು, ಎಲ್ಲ ಸರಿಹೋಗುತ್ತದೆ ಎಂದಳು. ಏನು ಸರಿಹೋಗಬೇಕು ಎಂದು ಸಾವಿತ್ರೀಬಾಯಿ ಕೇಳಿದರೆ ಅವಳು ಇನ್ನಷ್ಟು ಅತ್ತಳು.

ಮಾಸ್ತರರು ಎರಡನೇ ತುತ್ತು ಬಾಯಿಗಿಡುವಾಗ ಇಂಡಿಯಿಂದ ಫೋನು ಬಂತು. ಬೀಗರು ಪ್ರಲ್ಹಾದರಾಯರು, ಪಾರ್ಥನ ತಂದೆ. ಯಾವಾಗಲೂ ನಗುತ್ತ ಮಾತಾಡುವ ಮನುಷ್ಯನ ದನಿ ಬಾವಿಯೊಳಗಿಂದ ಬಂದಂತಿತ್ತು.

“ಬೀಗರ, ಇವತ್ತ ಬರ್ಲಿಕ್ಕೆ ಆದೀತೇನ್ರಿ? ಫೋನಿನ್ಯಾಗ ಹೇಳೋ ಮಾತಲ್ಲ.”

ಮಾಸ್ತರರ ಕೈಯಲ್ಲಿನ ತುತ್ತು ತಾಟಿಗೆ ಬಿತ್ತು. ಮಗಳ ಫೋಟೋ ಜಿಲ್ಲೆಯ ಎಲ್ಲ ವರಗಳಿಗೂ ಹೋಗಿದೆ ಎಂದಮೇಲೆ ಇಂಡಿಗೆ ಹೋಗಿರದೇ ಇದ್ದೀತೆ? ಬೀಗರ ಅಣ್ಣನ ಮಗನೋ, ಅಳಿಯನ ಗೆಳೆಯನೋ ಯಾರೋ ನೋಡಿ ತೋರಿಸಿರಬೇಕು. ಅಂಗಿ ಹಾಕಿಕೊಂಡು ಹೊರಟವರ ಹಿಂದೆಯೇ ಶಂಕರೆಪ್ಪನವರೂ ಹೊರಟರು. ಬೇಡವೆಂದರೂ ಬಿಡಲಿಲ್ಲ. ಇಂಥ ಮಾತಿಗೆ ಹುಡುಗಿಯ ಕಡೆಯಿಂದ ಒಬ್ಬ ಹಿರಿಯ ಇರಬೇಕು, ಒಬ್ಬರೇ ಹೋದರೆ ಮೆತ್ತಗಾಗುತ್ತೀರಿ ಎಂದರು.

ಇಂಡಿಯ ಬಸ್ಸಿನಲ್ಲಿ ಮಾಸ್ತರರಿಗೆ ಕಿಟಕಿಯ ಸೀಟು ಸಿಕ್ಕಿತು, ಶಂಕರೆಪ್ಪನವರಿಗೆ ಶ್ರೋತೃಗಳು ಸಿಕ್ಕರು. ಅವರು ಗುಟ್ಟಾಗಿಯೇ ಹೇಳಿದರು, ಆದರೆ ಬಸ್ಸಿನ ಇಂಜಿನ್ನಿನ ಸದ್ದಿಗೆ ಗುಟ್ಟನ್ನೂ ಕೂಗಿಯೇ ಹೇಳಬೇಕಾಯಿತು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ಮಾಸ್ತರರ ಬೆನ್ನು ಸವರಿ, ಗಂಡು ಒಳ್ಳೆಯವನಿದ್ದರೆ ಇದ್ದದ್ದನ್ನೇ ನಡೆಸಿಕೊಂಡು ಹೋಗುವುದು ಚಲೋ ಎಂದಳು. ಕಂಡಕ್ಟರ್ ಕೇಳದೆಯೇ ಚಿಲ್ಲರೆ ತಿರುಗಿ ಕೊಟ್ಟ. ತಮ್ಮ ಸಂಕಟ ಎಷ್ಟು ದೊಡ್ಡದೆಂದು ಮಾಸ್ತರರಿಗೆ ನಿಜವಾಗಿ ಅರಿವಾದದ್ದು ಆಗಲೇ. ಸಾಲೋಟಗಿ ದಾಟುವವರೆಗೆ ಅವರು ಆ್ಯಪು ತೆರೆದು ಸದಸ್ಯತ್ವ ರದ್ದು ಮಾಡುವ ಗುಂಡಿ ಹುಡುಕಿದರು. ಸೇರುವ ಗುಂಡಿ ಹಲಸಿನ ಹಣ್ಣಿನಷ್ಟು ದೊಡ್ಡದಿತ್ತು. ಬಿಡುವ ಗುಂಡಿ ಎಲ್ಲೂ ಕಾಣಲಿಲ್ಲ.

ಬೀಗರ ಮನೆಯ ಬಾಗಿಲಲ್ಲಿ ವರದಾ ನಗುತ್ತ ಎದುರಾದಳು. ಅವಳ ನಗು ಕಂಡು ಮಾಸ್ತರರ ಎದೆ ಇನ್ನಷ್ಟು ಕುಸಿಯಿತು, ಹುಡುಗಿಗೆ ಇನ್ನೂ ಏನೂ ಗೊತ್ತಿಲ್ಲ. ಪ್ರಲ್ಹಾದರಾಯರು ಅವರಿಬ್ಬರನ್ನೂ ಒಳಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ಮಾಸ್ತರರು ಕ್ಷಮೆ ಕೇಳಲು ಬಾಯಿ ತೆರೆದರು. ಬೀಗರು ಕೈ ಎತ್ತಿ ತಡೆದರು.

“ಮೊದಲ ನಾ ಹೇಳ್ತೀನಿ, ಆಮ್ಯಾಲೆ ನೀವು ಏನರ ಅನ್ರಿ. ನಮ್ಮ ಪಾರ್ಥಗ ನಾವೇನೂ ಬ್ಯಾರೆ ಕನ್ಯಾ ನೋಡ್ಲಿಕತ್ತಿಲ್ರಿ. ದೇವರಾಣಿ.”

ಮಾಸ್ತರರಿಗೆ ಏನೂ ತಿಳಿಯಲಿಲ್ಲ. ಬೀಗರು ತಲೆ ತಗ್ಗಿಸಿ ಮುಂದುವರಿಸಿದರು. ಪಾರ್ಥನ ಹೆಸರು ಆ ಬಾಸಿಂಗದಲ್ಲಿ ಹಾಗೇ ಉಳಿದಿತ್ತು. ಮೊನ್ನೆ ತಾನಾಗಿಯೇ ವಜ್ರವಾಗಿ ಹಣ ಹೋಯಿತು. ಆವತ್ತಿನಿಂದ ಕನ್ಯೆಯ ತಂದೆಗಳ ಫೋನು ನಿಂತಿಲ್ಲ. ಬೆಳಿಗ್ಗೆ ಫೋನು ಮಾಡಿದವರೊಬ್ಬರು ಸಿಂದಗಿಯವರೇ. ಈ ಸುದ್ದಿ ಬೀಗರ ಕಿವಿಗೆ ಬೇರೆಯವರಿಂದ ಬೀಳುವ ಮೊದಲು ತಾವೇ ಹೇಳಿಬಿಡಬೇಕೆಂದು ಕರೆಸಿದ್ದು.

ಮಾಸ್ತರರು ತಮ್ಮ ಮೊಬೈಲಿನಲ್ಲಿ ಬೆಳಗಿನ ಸಂದೇಶ ತೆಗೆದು ಬೀಗರ ಕೈಗಿಟ್ಟರು. ಪ್ರಲ್ಹಾದರಾಯರು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆ ಹೊತ್ತಿಗೇ ಎರಡೂ ಮೊಬೈಲು ಒಟ್ಟಿಗೇ ಗುಂಯ್ ಎಂದವು. ವಜ್ರ ಸದಸ್ಯರಿಗೆ ವಿಶೇಷ ಸುದ್ದಿ: ವರದಾಳಿಗೆ ತಕ್ಕ ವರ ಸಿಕ್ಕಿದ್ದಾನೆ, ಇಂಡಿಯ ಪಾರ್ಥ. ಪಾರ್ಥನಿಗೆ ತಕ್ಕ ಕನ್ಯೆ ಸಿಕ್ಕಿದ್ದಾಳೆ, ಸಿಂದಗಿಯ ವರದಾ. ಜಾತಕ ಕೂಡಿ ಬಂದಿದೆ, ಇಂದೇ ಮಾತಾಡಿ.

ಬೀಗರಿಬ್ಬರೂ ನಕ್ಕ ನಗುವಿಗೆ ಅಡುಗೆಮನೆಯಿಂದ ಬೀಗತಿ ಓಡಿ ಬಂದರು. ಬಂದ ಕೆಲಸ ಮೂಲದಲ್ಲೇ ಇಲ್ಲದ್ದು ಕಂಡು ಶಂಕರೆಪ್ಪನವರ ಮುಖ ಮಾತ್ರ ಸ್ವಲ್ಪ ಸಪ್ಪಗಾಯಿತು.

ಪ್ರಲ್ಹಾದರಾಯರು ಸೇವೆಯ ನಂಬರಿಗೆ ಫೋನು ಹಚ್ಚಿದಾಗ ಪುಣ್ಯಕ್ಕೆ ಕನ್ನಡದ ಹುಡುಗಿ ಸಿಕ್ಕಳು. ಹಣ ತಿರುಗಿ ಬರುವುದಿಲ್ಲ, ಅದಂತೂ ಖಚಿತ ಎಂದಳು. ಹೆಸರು ತೆಗೆಯಲು ಮಾತ್ರ ಒಂದು ದಾರಿ ಇತ್ತು. ವಧೂವರರಿಬ್ಬರೂ ಬಾಸಿಂಗದಲ್ಲೇ ಸಿಕ್ಕವರಾದರೆ, ಇಬ್ಬರೂ ಮಾಲೆ ಹಾಕಿಕೊಂಡ ಫೋಟೋ ತೆಗೆದು ಎರಡೂ ಕಡೆಯಿಂದ ಹಾಕಬೇಕು. ಹಳೆಯ ಆಲ್ಬಮ್ಮಿನ ಫೋಟೋ ನಡೆಯುವುದಿಲ್ಲ. ಜನ ಮೋಸ ಮಾಡುತ್ತಾರೆ, ಆದ್ದರಿಂದ ಆ್ಯಪಿನ ಕ್ಯಾಮೆರಾದಲ್ಲೇ, ಈಗಲೇ ತೆಗೆಯಬೇಕು.

ಪಾರ್ಥ ಬಜಾರಕ್ಕೆ ಹೋಗಿ ತನ್ನ ಮದುವೆಗೆ ತಾನೇ ಮಾಲೆ ತಂದ. ವರದಾ ಹಿಟ್ಟಿನ ಕೈ ತೊಳೆದುಕೊಂಡು ಬಂದು ನಿಂತಳು. ಬೀಗತಿ ಮಾಲೆ ಕಂಡೊಡನೆ ಸುಮ್ಮನಿರಲಾಗದೆ ಅಕ್ಷತೆ ತಂದು ಹಾಕಿದರು. ಫೋಟೋದಲ್ಲಿ ವಧೂವರರು ನಗಬೇಕು ಎಂದು ಆ್ಯಪು ಮೂರು ಸಲ ತಿರುಗಿ ಕಳಿಸಿತು. ಎಂಟು ತಿಂಗಳಾದ ಮೇಲೆ ಕೇಳಿದಾಗ ನಗುವುದು ಕಷ್ಟ ಎಂದು ಪಾರ್ಥ ಮೆಲ್ಲಗೆ ಹೇಳಿದ್ದಕ್ಕೆ ವರದಾ ಮೊಣಕೈಯಿಂದ ತಿವಿದಳು. ಆ ಫೋಟೋ ಪಾಸಾಯಿತು.

ಬೀಗರ ಮೊಬೈಲಿನ ಕೆಲಸ ಪಾರ್ಥ ಮುಗಿಸಿದ. ಮಾಸ್ತರರು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು ಅಕ್ಷರ ಕಾಣದೆ ತಮ್ಮ ಮೊಬೈಲನ್ನು ಶಂಕರೆಪ್ಪನವರಿಗೆ ಕೊಟ್ಟರು. ಅದೇನು ಕೇಳುತ್ತದೋ ಅದನ್ನೆಲ್ಲ ತುಂಬಿ ಮುಗಿಸಿರಿ ಎಂದು ಹೇಳಿ ಬೀಗತಿ ತಂದಿಟ್ಟ ಚಿತ್ರಾನ್ನದ ತಾಟಿಗೆ ಕೈ ಹಾಕಿದರು. ಬೆಳಿಗ್ಗೆಯಿಂದ ಅವರು ಉಂಡದ್ದು ಒಂದೇ ತುತ್ತು. ಕೊನೆಗೂ ಒಂದು ಕೆಲಸ ಸಿಕ್ಕ ಶಂಕರೆಪ್ಪನವರು ಮೂಲೆಯಲ್ಲಿ ಕೂತು, ತುಟಿ ಅಲ್ಲಾಡಿಸಿ ಒಂದೊಂದೇ ಸಾಲು ಓದುತ್ತ, ಬೆರಳಿನಿಂದ ಒತ್ತುತ್ತ ಬಹಳ ಹೊತ್ತು ಕೆಲಸ ಮಾಡಿದರು. ಕೊನೆಗೆ ಆಯಿತು ಎಂದು ಮೊಬೈಲು ತಿರುಗಿ ಕೊಟ್ಟರು.

ಸಂಜೆ ಸಿಂದಗಿಯ ಬಸ್ಸಿನಲ್ಲಿ ಮಾಸ್ತರರ ಉತ್ಸಾಹಕ್ಕೆ ಮಿತಿ ಇರಲಿಲ್ಲ. ಕೇಳದೆ ದರ ಏರಿಸುವವರಿಗೆ ಇವತ್ತು ಸರಿಯಾಗಿ ಬುದ್ಧಿ ಕಲಿಸಿದೆವು ಎಂದರು. ಶಂಕರೆಪ್ಪನವರು ಜೊತೆಗೆ ಬರದಿದ್ದರೆ ತಮ್ಮಿಂದ ಆಗುತ್ತಿರಲಿಲ್ಲ, ಈ ಉಪಕಾರ ಮರೆಯುವುದಿಲ್ಲ, ಏನು ಬೇಕಾದರೂ ಕೇಳಿ ಎಂದರು. ಶಂಕರೆಪ್ಪನವರು ನಾಚಿದರು.

“ಉಪಕಾರದ್ದೇನ್ರಿ ಮಾಸ್ತರ. ಖರೇ ಅಂದ್ರ ನೀವs ನಮಗ ಉಪಕಾರ ಮಾಡೀರಿ.”

ಏನು ಎಂದು ಮಾಸ್ತರರು ಕೇಳಿದರು. ಶಂಕರೆಪ್ಪನವರು ಸಮಾಧಾನದಿಂದ ವಿವರಿಸಿದರು. ವರದಾಳ ಹೆಸರು ತೆಗೆದ ಮೇಲೆ ಆ್ಯಪು ಕೊನೆಯದೊಂದು ಮಾತು ಕೇಳಿತ್ತು. ತಾವು ತುಂಬಿದ ಒಂದು ವರ್ಷದ ಹಣ ವ್ಯರ್ಥವಾಗುತ್ತದೆ, ತಮ್ಮ ಬಳಗದಲ್ಲಿ ಬೇರೆ ಯಾರದಾದರೂ ಹೆಸರಿಗೆ ಹಚ್ಚಬೇಕೆ ಎಂದು.

“ಬಡಿಸಿದ ಎಲಿ ಹಂಗs ಮಡಚಿ ಒಗದಂಗ ಆಗ್ತಿತ್ರಿ. ಬಾಗೇವಾಡ್ಯಾಗ ನಮ್ಮ ತಂಗಿ ಮಗಳು ಭಾಗ್ಯಜ್ಯೋತಿ ಅದಾಳಲ್ಲ, ಅಕಿ ಹೆಸರು ಹಾಕೇನಿ. ಫೋಟೋ ನನ್ನ ಮೊಬೈಲಿನ್ಯಾಗ ಇತ್ತು.”

ಹಾಗಾದರೆ ಫೋನು ನಂಬರು ಯಾರದು ಕೊಟ್ಟಿರಿ ಎಂದು ಮಾಸ್ತರರು ಮೆಲ್ಲಗೆ ಕೇಳಿದರು. ನಂಬರು ಬದಲಿಸಲು ಬರುವುದಿಲ್ಲವಂತೆ, ನಿಮ್ಮದೇ ಇದೆ ಎಂದರು ಶಂಕರೆಪ್ಪನವರು.

“ಮತ್ತ ಬ್ಯಾಂಕು?”

“ಅದೂ ನಿಮ್ಮದs. ವರ್ಷದಾಗ ವರ ಸಿಗದಿದ್ರೂ ಚಿಂತಿ ಇಲ್ರಿ, ಅದು ತಾನಾಗೇ ಮುಂದುವರೀತೈತಿ.”

ಏನು ಬೇಕಾದರೂ ಕೇಳಿ ಎಂದು ತಾವೇ ಹೇಳಿ ಇನ್ನೂ ಎರಡು ನಿಮಿಷ ಆಗಿರಲಿಲ್ಲ. ರವಿವಾರ ಪೂರ್ತಿ ತಮಗಾಗಿ ಓಡಾಡಿದ ಮನುಷ್ಯನ ಮೇಲೆ ಯಾವ ಬಾಯಿಯಿಂದ ಸಿಟ್ಟಾಗುವುದು? ಅಷ್ಟರಲ್ಲಿ ಮಾಸ್ತರರ ಜೇಬಿನಲ್ಲಿ ಮೊಬೈಲು ರಿಂಗಣಿಸಿತು. ಗುರುತಿಲ್ಲದ ನಂಬರು. ಶಂಕರೆಪ್ಪನವರು ನೆಟ್ಟಗೆ ಕೂತು ಶಲ್ಯ ಸರಿಪಡಿಸಿಕೊಂಡರು.

“ನೀವs ಮಾತಾಡ್ರಿ ಮಾಸ್ತರ. ನಾ ಮಾತಾಡಿದ್ರ ಹುಡುಗಿ ಮನಿಯವರು ಆತುರದಾಗ ಅದಾರ ಅಂತ ತಿಳ್ಕೋತಾರ.”

ಗೋವಿಂದ ಮಾಸ್ತರರು ಫೋನು ಎತ್ತಿ ನಮಸ್ಕಾರ ಹೇಳಿದರು. ಆ ಕಡೆಯವರು ಝಳಕಿಯವರು, ಹುಡುಗನ ಸೋದರಮಾವ. ಮಾಸ್ತರರು ಗಂಟಲು ಸರಿಮಾಡಿಕೊಂಡು, ತಮ್ಮ ರೂಢಿಯಂತೆ ಹುಡುಗನ ಗೋತ್ರ ಯಾವುದೆಂದು ವಿಚಾರಿಸಿದರು.

ಶಂಕರೆಪ್ಪನವರು ಮೊಣಕೈಯಿಂದ ತಿವಿದರು. “ಗೋತ್ರ ಬಿಡ್ರಿ. ಹೊಲ ಎಷ್ಟು ಎಕರೆ ಐತಿ, ಅದನ್ನ ಕೇಳ್ರಿ.”

ಮಾಸ್ತರರು ಅದನ್ನೂ ಕೇಳಿದರು.