ಬೀಗದೊಳಗಿನ ಪೈಪ್ ಆರ್ಗನ್

ಹಳೇ ವಸ್ತುವನ್ನು ಜೋಪಾನ ಮಾಡುವವರು ಊರಲ್ಲಿ ಒಬ್ಬರಿದ್ದರೆ ಸಾಕು, ಇಂಥವು ನಡೆಯುತ್ತಲೇ ಇರುತ್ತವೆ. ಹರಿಹರದ ನಮ್ಮ ಚರ್ಚಿನಲ್ಲಿ ಅಂಥವರು ಸಭೆಯ ಹಿರಿಯರು. ವಸ್ತು, ಗೋಡೆಯೆತ್ತರದ ಕೊಳವೆಗಳ ಪೈಪ್ ಆರ್ಗನ್. ಅದನ್ನು ನುಡಿಸಲು ಬರುತ್ತಿದ್ದದ್ದು ಇಂಗ್ಲೆಂಡಿಗೆ ಹಿಂದಿರುಗಿದ ದೊರೆಸಾನಿಗೆ. ಆಕೆ ಕಲಿಸಿದ್ದರಿಂದ, ನನಗೆ. ನುಡಿಸಬೇಕೆಂಬುದೊಂದೇ ನನ್ನ ಆಸೆ.

೧

ದೊರೆಸಾನಿ ಹೋದ ವಾರವೇ ಆರ್ಗನ್‌ಗೆ ಬೀಗ ಬಿತ್ತು.

“ಹಳೇದವ್ವಾ, ನುಡಿಸಿದ್ರೆ ಸವೀತೈತೆ,” ಅಂದರು ಹಿರಿಯರು.

ನುಡಿಸದಿದ್ದರೆ ಒಳಗೆ ಗಾಳಿಯೂದುವ ತಿದಿಯ ತೊಗಲು ಒಣಗಿ ಬಿರಿಯುತ್ತದೆ ಎಂದು ಹೇಳಬೇಕಿತ್ತು. ಕನ್ನಡದಲ್ಲಿ ಎದುರಾಡುವ ಧೈರ್ಯ ಸಾಲದೆ ಕಾನ್ವೆಂಟಿನ ಇಂಗ್ಲಿಷಿನಲ್ಲಿ ಹೇಳಿದೆ. ಪ್ರತಿ ಮಾತಿಗೂ “ಎಸ್, ಎಸ್” ಎಂದು ತಲೆಯಾಡಿಸಿದರು. ಮರುದಿನ ನೋಡಿದರೆ ಎರಡನೇ ಬೀಗ.

೨

ನಂದಿಗುಡಿಯ ರೈತರೊಬ್ಬರು ಭತ್ತದ ಗಾಡಿ ಹೊರಗೆ ನಿಲ್ಲಿಸಿ ಆರ್ಗನ್ ನೋಡಲು ಬಂದರು.

“ಇದು ಹೆಂಗೆ ಕೂಗ್ತೈತ್ರಿ?”

“ಕೂಗಿಸಲ್ಲ. ಕಾಪಾಡ್ತೀವಿ,” ಅಂದರು ಹಿರಿಯರು.

“ನಮ್ಮ ಮಠದಾಗ ನಗಾರಿ ಐತ್ರಿ, ನಮ್ಮಜ್ಜನ ಕಾಲದ್ದು. ದಿನಾ ಬಡೀತೀವಿ. ತೊಗಲು ಹರಿದ್ರೆ ಹೊಸಾದು ಬಿಗೀತೀವಿ.”

ಅವರು ಹೋದ ಮೇಲೆ ಹಿರಿಯರು ಮರುಗಿದರು: “ಪಾಪ, ಹಳೇ ಸಾಮಾನಿನ ಬೆಲೆ ಗೊತ್ತಿಲ್ಲ.” ಹಾಗೆಂದು ಧೂಳು ಒರೆಸುವ ಬಟ್ಟೆ ನನ್ನ ಕೈಗಿತ್ತರು. ಹೊರಗಿನಿಂದ ಒರೆಸಲು ನನಗೆ ಅಪ್ಪಣೆಯಿತ್ತು.

೩

ದಾವಣಗೆರೆಯ ವರನೊಂದಿಗೆ ನನ್ನ ಮದುವೆ ಗೊತ್ತಾಯಿತು. ಆ ಮನೆಗೆ ಹೋದರೆ ಆರ್ಗನ್ನಿನ ಆಸೆಯೂ ಅಲ್ಲಿಗೆ ಮುಗಿಯಿತು. ವರನ ಕಡೆಯವರು ದೊಡ್ಡ ಮಂದಿ ಎಂದು ಹಿರಿಯರು ತಾವೇ ಮನೆಗೆ ಬಂದರು.

“ಮದುವೆ ದಿನ ಬೀಗ ತೆಗೀತೀವಿ. ಮದುಮಗಳು ಒಳಗೆ ಬರೋವಾಗ ಆರ್ಗನ್ ನುಡೀಬೇಕು.”

“ನುಡಿಸೋರು ಯಾರ್ರಿ?” ಅಂದರು ಅಪ್ಪ.

“ಯಾಕ, ನಿಮ್ಮ ಮಗಳಿಲ್ಲೇನು?”

“ಅವಳೇ ಅಲ್ವೇನ್ರಿ ಮದುಮಗಳು!”

ಹಿರಿಯರು ಕಾಫಿ ಕುಡಿದು ಮುಗಿಸುವವರೆಗೆ ಯೋಚಿಸಿದರು. “ಅವಳು ನುಡಿಸ್ಲಿ. ಅವಳ ತಂಗಿ ಮುಸುಕು ಹಾಕ್ಕೊಂಡು ನಡ್ದು ಬರ್ಲಿ. ಹಾಡು ಮುಗಿದ ಮ್ಯಾಲೆ ಅದಲು ಬದಲು ಆದ್ರಾತು.”

ಎಲ್ಲರೂ ನನ್ನನ್ನು ನೋಡಿದರು. ನಾನು ಹೂಂ ಅಂದೆ.

ಅಮ್ಮ ಹಣೆ ಚಚ್ಚಿಕೊಂಡಳು. ಹಿರಿಯರ ಉಪಾಯ ಯಾರಿಗೂ ಹುಚ್ಚೆನಿಸಿರಲಿಲ್ಲ. ನಾನು ಒಪ್ಪಿದ್ದೇ ಹುಚ್ಚಾಯಿತು.

ನನ್ನ ಮದುವೆಗೂ ಆರ್ಗನ್ ನುಡಿಯಲಿಲ್ಲ. ಈ ಸಲ ಅಡ್ಡ ಬಂದವಳು ತಂಗಿ.

“ನಾ ಒಲ್ಲೆ. ಅದರ ಮುಂದೆ ಕೂತ್ರೆ ಅಕ್ಕ ಏಳೋಳಲ್ಲ. ಅವಳು ಮುಗಿಸೋದ್ರೊಳಗೆ ನನಗೆ ತಾಳಿ ಬಿದ್ದಿರ್ತೈತೆ!”